ಆಮ್ಲಕ್ಕೊಂದು, ಕ್ಲೋರೋಫಾರ್ಮಿಗೊಂದು: ಮೈಲಿನ್ ಪ್ರೋಟೀನುಗಳನ್ನು ಬೇರ್ಪಡಿಸುವ ಬಗೆ

ಮಿತ್ರರೇ,

ನರಕೋಶದ ಉದ್ದನೆಯ ಎಳೆಯಾದ ಆಕ್ಸಾನ್‌ನ ಸುತ್ತ ಸುರುಳಿಯಾಗಿ ಸುತ್ತಿಕೊಂಡ ಕೊಬ್ಬಿನ ಪೊರೆಯೇ ಮೈಲಿನ್. ಮಿದುಳು ಮತ್ತು ಬೆನ್ನುಹುರಿಯ ಮೈಲಿನ್‌ನಲ್ಲಿರುವ ಪ್ರೋಟೀನಿನ ಬಹುಪಾಲು ಎರಡೇ ಪ್ರೋಟೀನುಗಳದು. ಒಂದು ಪ್ರೋಟಿಯೋಲಿಪಿಡ್ ಪ್ರೋಟೀನ್, ಅಂದರೆ ಪಿಎಲ್‌ಪಿ. ಇನ್ನೊಂದು ಮೈಲಿನ್ ಬೇಸಿಕ್ ಪ್ರೋಟೀನ್, ಅಂದರೆ ಎಂಬಿಪಿ. ಪಿಎಲ್‌ಪಿ ಪೊರೆಯನ್ನು ನಾಲ್ಕು ಸಲ ದಾಟುತ್ತದೆ, ಅದರ ಮೈಗೆ ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. 1951ರಲ್ಲಿ ಫೋಲ್ಚ್ ಮತ್ತು ಲೀಸ್ ಕ್ಲೋರೋಫಾರ್ಮ್-ಮೆಥನಾಲ್ ಮಿಶ್ರಣದಲ್ಲಿ ಕರಗುವ ಪ್ರೋಟೀನನ್ನು ಕಂಡು ಪ್ರೋಟಿಯೋಲಿಪಿಡ್ ಎಂಬ ಹೆಸರಿಟ್ಟರು. ಎಂಬಿಪಿ ಇದಕ್ಕೆ ತೀರಾ ವಿರುದ್ಧ. ಅದರ ಸಮವಿದ್ಯುತ್ ಬಿಂದು (ಒಟ್ಟು ವಿದ್ಯುದಂಶ ಸೊನ್ನೆಯಾಗುವ ಪಿಎಚ್) 10ಕ್ಕಿಂತ ಮೇಲಿದೆ, ತೆಳು ಆಮ್ಲದಲ್ಲಿ ಸಲೀಸಾಗಿ ಕರಗುತ್ತದೆ. ಈ ಎರಡನ್ನೂ ಸಮನಾಗಿ ನಡೆಸಿಕೊಳ್ಳುವ ವಿಧಾನ ಸಿಗುವುದು ಕಷ್ಟ. ಆದ್ದರಿಂದ ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ನಾನು ಯಾವ ಪ್ರೋಟೀನನ್ನು ಕಳೆದುಕೊಳ್ಳುತ್ತಿದ್ದೇನೆ?

ಮೊದಲು ಮೈಲಿನ್ ಶುದ್ಧವಾಗಿ ಸಿಗಬೇಕು. 1973ರಲ್ಲಿ ನಾರ್ಟನ್ ಮತ್ತು ಪೊಡುಸ್ಲೊ ಪ್ರಕಟಿಸಿದ ಕ್ರಮವೇ ಇಂದಿಗೂ ಅಡಿಪಾಯ. ಮೈಲಿನ್‌ನ ಒಣತೂಕದಲ್ಲಿ ಸುಮಾರು ಶೇಕಡ 70ರಿಂದ 80 ಭಾಗ ಲಿಪಿಡ್, ಅಂದರೆ ಕೊಬ್ಬು. ಹಾಗಾಗಿ ಅದು ಹಗುರ, 0.85 ಮೋಲಾರ್ ಸುಕ್ರೋಸ್ ದ್ರಾವಣದ ಮೇಲೆ ತೇಲುತ್ತದೆ. ಮಿದುಳನ್ನು 0.32 ಮೋಲಾರ್ ಸುಕ್ರೋಸ್‌ನಲ್ಲಿ ಶೇಕಡ 5ರಷ್ಟು ತೆಳುವಾಗಿ ಅರೆದು, 0.85 ಮೋಲಾರ್ ದ್ರಾವಣದ ಮೇಲೆ ಮೆಲ್ಲಗೆ ಪದರವಾಗಿ ಬಿಟ್ಟು, ಸೆಂಟ್ರಿಫ್ಯೂಜ್ ಯಂತ್ರದ ತೂಗುಬುಟ್ಟಿಯ ರೋಟರ್‌ನಲ್ಲಿ ಗುರುತ್ವದ 75,000 ಪಟ್ಟು ಬಲದಲ್ಲಿ (75,000 ಜಿ) 30 ನಿಮಿಷ ತಿರುಗಿಸಬೇಕು. ಎಲ್ಲವೂ 4 ಡಿಗ್ರಿಯಲ್ಲಿ. ಎರಡು ದ್ರಾವಣಗಳ ನಡುವೆ ಬಿಳಿ ಪದರ ನಿಲ್ಲುತ್ತದೆ; ಅದೇ ಕಚ್ಚಾ ಮೈಲಿನ್. ಯಂತ್ರದ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಪದರ ಕಲಕುತ್ತದೆ.

ದ್ರಾವಣ ಮಾಡುವಾಗಲೇ ಆಗುವ ತಪ್ಪೊಂದಿದೆ. 0.85 ಮೋಲಾರ್‌ಗೆ 291 ಗ್ರಾಂ ಸುಕ್ರೋಸ್ ಬೇಕು, 0.32 ಮೋಲಾರ್‌ಗೆ 109.5 ಗ್ರಾಂ. ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ ಒಟ್ಟು ಅಳತೆಯನ್ನು ಒಂದು ಲೀಟರ್‌ಗೆ ತರಬೇಕು. ಒಂದು ಲೀಟರ್ ನೀರಿಗೆ 291 ಗ್ರಾಂ ಸುರಿದರೆ ಸಕ್ಕರೆಯೇ ಜಾಗ ಹಿಡಿದು ದ್ರಾವಣ ತೆಳುವಾಗುತ್ತದೆ, ಸಾಂದ್ರತೆ ಇಳಿಯುತ್ತದೆ, ತೇಲಬೇಕಾದ ಮೈಲಿನ್‌ನ ಒಂದಂಶ ಕೆಳಗಿಳಿಯುತ್ತದೆ. ಟ್ಯೂಬಿಗೆ ಅತಿಯಾಗಿ ತುಂಬಿದರೆ ಇನ್ನೊಂದು ತೊಂದರೆ: ದಪ್ಪ ಪದರದೊಳಗೆ ಮೈಟೋಕಾಂಡ್ರಿಯ, ಆಕ್ಸಾನ್ ತುಣುಕು, ಸೈನಾಪ್ಸ್ (ನರಕೋಶಗಳ ಸಂಧಿ) ಚೂರುಗಳು ಸಿಕ್ಕಿಬೀಳುತ್ತವೆ.

ಅವನ್ನು ಬಿಡಿಸಲು ಆಸ್ಮಾಟಿಕ್ ಆಘಾತ. ಕಚ್ಚಾ ಮೈಲಿನ್‌ನನ್ನು ತಣ್ಣನೆಯ ಶುದ್ಧ ನೀರಿನಲ್ಲಿ ಚೆನ್ನಾಗಿ ಹರಡಿದರೆ ಸುರುಳಿಗಳು ಬಿಚ್ಚಿಕೊಂಡು ಒಳಗಿನ ಆಕ್ಸಾನ್ ದ್ರವ ಹೊರಬರುತ್ತದೆ. 75,000 ಜಿಯಲ್ಲಿ 15 ನಿಮಿಷ ಇಳಿಸಿ, ಮತ್ತೆ ನೀರಿನಲ್ಲಿ ಹರಡಿ 12,000 ಜಿಯಲ್ಲಿ 10 ನಿಮಿಷ ಎರಡು ಸಲ. ಕಡಿಮೆ ವೇಗದ ಈ ಸುತ್ತಿನಲ್ಲಿ ಸಣ್ಣ ಪೊರೆಚೂರುಗಳು ಮೇಲಿನ ಮಸುಕು ದ್ರವದಲ್ಲಿ ಉಳಿದು ಹೋಗುತ್ತವೆ. ಕೊನೆಗೆ ಸುಕ್ರೋಸ್ ಪದರದ ಮೇಲೆ ಇನ್ನೊಮ್ಮೆ. ಈ ಎರಡನೇ ಸುಕ್ರೋಸ್ ಸುತ್ತನ್ನು ಸಮಯ ಉಳಿಸಲೆಂದು ಬಿಡುವವರಿದ್ದಾರೆ, ಬಿಡಬೇಡಿ. ಅರೆಯುವ ದ್ರಾವಣದಲ್ಲಿ ಪ್ರೋಟಿಯೇಸ್‌ಗಳನ್ನು (ಪ್ರೋಟೀನು ಕತ್ತರಿಸುವ ಕಿಣ್ವಗಳು) ತಡೆಯುವ ಇಡಿಟಿಎ ಇರಲಿ, ಅದೇ ಕೆಲಸದ ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಕೆಡುವುದರಿಂದ ಕೊನೆಯ ಕ್ಷಣದಲ್ಲಿ ಸೇರಲಿ. ಎಂಬಿಪಿಗೆ ಗಟ್ಟಿ ಮಡಿಕೆಯಿಲ್ಲ, ಪ್ರೋಟಿಯೇಸ್‌ಗಳಿಗೆ ಸುಲಭದ ತುತ್ತು.

ಪ್ರೋಟೀನ್ ಅಳೆಯುವಾಗ ಲಿಪಿಡ್ ಅಡ್ಡಬರುತ್ತದೆ. ಬಣ್ಣದ ಬದಲಾವಣೆಯಿಂದ ಪ್ರೋಟೀನ್ ಅಳೆಯುವ ಬಿಸಿಎ ವಿಧಾನದಲ್ಲಿ ಅದು ಓದಿಕೆಯನ್ನು ಹೆಚ್ಚಿಸುತ್ತದೆ. ಸ್ಯಾಂಪಲ್‌ನನ್ನು ಶೇಕಡ 1 ಎಸ್‌ಡಿಎಸ್‌ನಲ್ಲಿ (ಒಂದು ಮಾರ್ಜಕ) ಪೂರ್ತಿ ಕರಗಿಸಿ, ಹೋಲಿಕೆಗೆ ಇಡುವ ಗೊತ್ತಿರುವ ಪ್ರಮಾಣದ ಸ್ಟ್ಯಾಂಡರ್ಡ್‌ಗಳಿಗೂ ಅಷ್ಟೇ ಎಸ್‌ಡಿಎಸ್ ಹಾಕಿ.

ಈಗ ಜೆಲ್, ಅಂದರೆ ವಿದ್ಯುತ್ ಹಾಯಿಸಿ ಪ್ರೋಟೀನುಗಳನ್ನು ಗಾತ್ರದಂತೆ ಪಟ್ಟಿಗಳಾಗಿ ಬೇರ್ಪಡಿಸುವ ಹಂತ. ಲೆಮ್ಲಿಯ 1970ರ ಪದ್ಧತಿಯಲ್ಲೇ, ಆದರೆ ಶೇಕಡ 15ರ ಜೆಲ್‌ನಲ್ಲಿ, ಬಣ್ಣ ಹಾಕುವುದಾದರೆ ಒಂದು ಲೇನ್‌ಗೆ 5ರಿಂದ 10 ಮೈಕ್ರೋಗ್ರಾಂ. ಅತಿ ಮುಖ್ಯ ಮಾತು: ಸ್ಯಾಂಪಲ್ ಕುದಿಸಬೇಡಿ. ಅಭ್ಯಾಸಬಲದಿಂದ 95 ಡಿಗ್ರಿಯಲ್ಲಿ 5 ನಿಮಿಷ ಇಟ್ಟರೆ ಪಿಎಲ್‌ಪಿ ಒಂದಕ್ಕೊಂದು ಅಂಟಿ ಗಂಟಾಗುತ್ತದೆ, ಜೆಲ್‌ನ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಪಿಎಲ್‌ಪಿ ಕಡಿಮೆಯಾಗಿದೆ ಎಂದು ಓದಿಕೊಳ್ಳುತ್ತೀರಿ, ಆದರೆ ಅದು ಕಾಂಬ್ ಗುಳಿಯ ತಳದಲ್ಲಿ ಕುಳಿತಿರುತ್ತದೆ. 37 ಡಿಗ್ರಿಯಲ್ಲಿ 30 ನಿಮಿಷ ಸಾಕು.

ಪಟ್ಟಿಗಳನ್ನು ಓದುವಾಗಲೂ ಎಚ್ಚರ ಬೇಕು. ಪಿಎಲ್‌ಪಿಯ ನಿಜತೂಕ ಸುಮಾರು 30 ಕಿಲೋಡಾಲ್ಟನ್ (ಅಣುತೂಕದ ಅಳತೆ), ಆದರೆ ಎಸ್‌ಡಿಎಸ್ ಹೆಚ್ಚು ಹಿಡಿದುಕೊಳ್ಳುವುದರಿಂದ 25ರ ಆಸುಪಾಸಿನಲ್ಲಿ ಓಡುತ್ತದೆ. ಅದರದೇ ಇನ್ನೊಂದು ರೂಪ ಡಿಎಂ20. ಅದರಲ್ಲಿ 35 ಅಮೈನೋ ಆಮ್ಲಗಳು ಕಡಿಮೆ, 20ರ ಹತ್ತಿರ ಕಾಣುತ್ತದೆ. ಇಲಿಯಲ್ಲಿ ಎಂಬಿಪಿ 21.5, 18.5, 17 ಮತ್ತು 14 ಕಿಲೋಡಾಲ್ಟನ್‌ಗಳಲ್ಲಿ ಸಿಗುತ್ತದೆ, ಮನುಷ್ಯರಲ್ಲಿ 18.5ರದೇ ಮೇಲುಗೈ. ಅಂದರೆ 21ರ ಹತ್ತಿರದ ಪಟ್ಟಿ ಡಿಎಂ20 ಇರಬಹುದು, ಎಂಬಿಪಿ ಇರಬಹುದು. ಬಣ್ಣವೊಂದನ್ನೇ ನಂಬಿ ಹೆಸರು ಬರೆಯಬೇಡಿ, ಆಂಟಿಬಾಡಿಯಿಂದ ಖಚಿತಪಡಿಸಿಕೊಳ್ಳಿ. ಕೂಮಾಸಿ ಬಣ್ಣ ಕ್ಷಾರೀಯ ಅಮೈನೋ ಆಮ್ಲಗಳಿಗೆ ಹತ್ತುವುದರಿಂದ ಎಂಬಿಪಿ ಗಾಢವಾಗಿ ಕಾಣುತ್ತದೆ, ಪಿಎಲ್‌ಪಿ ಪೇಲವ. ಎರಡರ ಅನುಪಾತವನ್ನು ಪಟ್ಟಿಯ ಗಾಢತೆಯಿಂದ ಲೆಕ್ಕ ಹಾಕಿದರೆ ಅದು ಬಣ್ಣದ ಅನುಪಾತ, ಪ್ರೋಟೀನಿನದಲ್ಲ.

ಜೆಲ್‌ನ ಪ್ರೋಟೀನನ್ನು ಮೆಂಬ್ರೇನ್‌ಗೆ ವರ್ಗಾಯಿಸಿ ಆಂಟಿಬಾಡಿಯಿಂದ ಗುರುತಿಸುವ ಬ್ಲಾಟ್‌ಗೆ 0.2 ಮೈಕ್ರಾನ್ ರಂಧ್ರದ ಮೆಂಬ್ರೇನ್ ಬಳಸಿ, 0.45ರದರಲ್ಲಿ 14 ಕಿಲೋಡಾಲ್ಟನ್‌ನ ಎಂಬಿಪಿ ಆಚೆ ತೂರಿಹೋಗಬಹುದು. ಶುದ್ಧತೆ ನೋಡಲು ಎಂಬಿಪಿ, ಪಿಎಲ್‌ಪಿ ಏರಿದ್ದಷ್ಟೇ ಸಾಲದು. ಸೈನಾಪ್ಸ್‌ನ ಸಿನಾಪ್ಟೋಫೈಸಿನ್, ಆಕ್ಸಾನ್‌ನ ನ್ಯೂರೋಫಿಲಮೆಂಟ್, ಮೈಟೋಕಾಂಡ್ರಿಯದ ಒಂದು ಗುರುತು ಪ್ರೋಟೀನ್, ಇವು ಮೂಲ ಅರೆತಕ್ಕಿಂತ ಎಷ್ಟು ಇಳಿದಿವೆ ಎಂಬುದನ್ನು ಪಕ್ಕದ ಲೇನ್‌ನಲ್ಲೇ ತೋರಿಸಿ.

ಎಂಬಿಪಿ ಒಂದನ್ನೇ ಬೇರ್ಪಡಿಸಬೇಕಿದ್ದರೆ ದಾರಿ ಹಳೆಯದು, ಒಳ್ಳೆಯದು. 2:1 ಕ್ಲೋರೋಫಾರ್ಮ್-ಮೆಥನಾಲ್‌ನಿಂದ ಲಿಪಿಡ್ ತೆಗೆದರೆ ಪಿಎಲ್‌ಪಿಯೂ ಅದರ ಜೊತೆ ಹೋಗುತ್ತದೆ. ಉಳಿದ ಚರಟವನ್ನು ತೆಳು ಆಮ್ಲದಲ್ಲಿ ಕಲಕಿದರೆ ಎಂಬಿಪಿ ದ್ರವಕ್ಕೆ ಬರುತ್ತದೆ. ಪಿಎಲ್‌ಪಿ ಬೇಕಾದವರು ಆ ಕ್ಲೋರೋಫಾರ್ಮ್ ಚೆಲ್ಲಬಾರದು.

ಎಂಬಿಪಿಯ ಒಂದೇ ತೂಕದ ಪಟ್ಟಿಯೊಳಗೂ ವಿದ್ಯುದಂಶದಲ್ಲಿ ಬೇರೆಯಾದ ಹಲವು ರೂಪಗಳಿವೆ. ಯೂರಿಯಾ ಬೆರೆಸಿದ ಪಿಎಚ್ 10.6ರ ಬಫರ್‌ನಲ್ಲಿ ಧನಾಂಶವನ್ನು ಹಿಡಿದಿಡುವ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಕಾಲಂಗೆ ಹಾಕಿ, ಉಪ್ಪಿನ ಪ್ರಮಾಣ ಏರಿಸುತ್ತ ಹೋದರೆ ಅವು ಒಂದೊಂದಾಗಿ ಇಳಿಯುತ್ತವೆ. ಹೆಚ್ಚು ಧನಾಂಶವಿರುವ ಸಿ1 ಎಂಬ ರೂಪ ಗಟ್ಟಿಯಾಗಿ ಅಂಟಿರುತ್ತದೆ. ಧನಾಂಶದ ಆರ್ಜಿನೈನ್‌ಗಳು ಧನಾಂಶವಿಲ್ಲದ ಸಿಟ್ರುಲಿನ್ ಆದ ಸಿ8 ಅಂಟದೆಯೇ ಹರಿದುಹೋಗುತ್ತದೆ. ಇಲ್ಲಿ ಯೂರಿಯಾವೇ ಮೋಸ ಮಾಡುತ್ತದೆ. ಹಳತಾದ ಅಥವಾ ಬಿಸಿಯಾದ ಯೂರಿಯಾದಲ್ಲಿ ಸಯನೇಟ್ ಹುಟ್ಟಿ ಲೈಸಿನ್‌ಗಳಿಗೆ ಅಂಟುತ್ತದೆ, ಧನಾಂಶ ಒಂದೊಂದಾಗಿ ಅಳಿಯುತ್ತದೆ, ಜೀವಕೋಶದಲ್ಲಿ ಇರದ ರೂಪಗಳು ಕಾಲಂನಿಂದ ಇಳಿಯುತ್ತವೆ. ಆ ದಿನವೇ ಕರಗಿಸಿ ಅಯಾನು ತೆಗೆದ ಯೂರಿಯಾ ಬಳಸಿ, 37 ಡಿಗ್ರಿ ದಾಟಿಸಬೇಡಿ.

ಪ್ರೋಟೀನು ತುಣುಕುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಹೋದರೂ ಈ ಜೋಡಿಯ ಕಾಟ ತಪ್ಪದು. ಪ್ರೋಟೀನನ್ನು ತುಣುಕು ಮಾಡಲು ಬಳಸುವ ಟ್ರಿಪ್ಸಿನ್ ಎಂಬ ಕಿಣ್ವ ಲೈಸಿನ್ ಮತ್ತು ಆರ್ಜಿನೈನ್ ಬಳಿ ಕತ್ತರಿಸುತ್ತದೆ. ಎಂಬಿಪಿಯಲ್ಲಿ ಅವು ಹೇರಳ, ಹಾಗಾಗಿ ಹಲವು ತುಣುಕುಗಳು ಗುರುತಿಗೆ ಸಿಗದಷ್ಟು ಚಿಕ್ಕವು. ಪಿಎಲ್‌ಪಿಯ ಪೊರೆಭಾಗದಲ್ಲಿ ವಿರಳ, ಹಾಗಾಗಿ ತುಣುಕುಗಳು ಉದ್ದ, ಜಿಡ್ಡು, ಕಾಲಂ ಬಿಟ್ಟು ಬರಲೊಲ್ಲವು. ಸಿಟ್ರುಲಿನ್ ಹುಡುಕುವವರಿಗೆ ಇನ್ನೊಂದು ಗಂಟು: ಆರ್ಜಿನೈನ್ ಸಿಟ್ರುಲಿನ್ ಆದರೆ ತೂಕ 0.98 ಡಾಲ್ಟನ್ ಏರುತ್ತದೆ. ಆಸ್ಪರಜಿನ್ ಅಮೈಡ್ ಕಳೆದುಕೊಂಡರೂ ಅಷ್ಟೇ ಏರುತ್ತದೆ. ತೂಕವೊಂದರಿಂದ ತೀರ್ಮಾನಿಸಲಾಗದು. ಸಿಟ್ರುಲಿನ್ ಬಳಿ ಟ್ರಿಪ್ಸಿನ್ ಕತ್ತರಿಸುವುದಿಲ್ಲ. ಆದ್ದರಿಂದ ಕತ್ತರಿಸದೆ ಉಳಿದ ಆ ಜಾಗವನ್ನು ನೋಡಿ, ತುಣುಕನ್ನು ಇನ್ನಷ್ಟು ಒಡೆದು ಏರಿಕೆ ಯಾವ ಅಮೈನೋ ಆಮ್ಲದ ಮೇಲಿದೆ ಎಂದು ಕಂಡ ಮೇಲಷ್ಟೇ ಹೆಸರು ಬರೆಯಿರಿ.