ವರ್ಷಕ್ಕೊಂದೇ ಪದ: ಹಾಲಿನ ಸಂಘದ ಹೊಸ ಅಧ್ಯಕ್ಷರಿಗೆ

ಕೇಳುಗರಿಗೆ ನಮಸ್ಕಾರ.

ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಚುನಾವಣೆ ಮುಗಿದು ಹೊಸ ಆಡಳಿತ ಮಂಡಳಿ ಬಂತೆನ್ನಿ. ಮೊದಲ ಸಭೆಯಲ್ಲೇ ನಡಾವಳಿ ಪುಸ್ತಕದ ಎರಡು ಪುಟ ತುಂಬುತ್ತವೆ. ಹೊಸ ಕಟ್ಟಡ, ಬೋನಸ್, ಹೊತ್ತಿಗೆ ಸರಿಯಾಗಿ ಪಶು ಆಹಾರ, ರಾಸುಗಳ ವಿಮೆ, ಸುತ್ತ ಒಂದು ಕಾಂಪೌಂಡು. ಇದರಲ್ಲಿ ಬೇಡದ್ದು ಯಾವುದೂ ಇಲ್ಲ. ಆದರೆ ಮೂರು ತಿಂಗಳು ಕಳೆಯಲಿ, ಯಾರ ದನಿ ಜೋರೋ ಅವರ ಕೆಲಸ ಮೊದಲಾಗುತ್ತದೆ, ಪಟ್ಟಿ ಪುಸ್ತಕದಲ್ಲೇ ಉಳಿಯುತ್ತದೆ. ಇದಕ್ಕೆ ಒಂದು ಉಪಾಯವುಂಟು. ಇಡೀ ವರ್ಷಕ್ಕೆ ಒಂದೇ ಪದ ಆರಿಸಿಕೊಂಡು, ಪ್ರತಿ ತೀರ್ಮಾನವನ್ನೂ ಅದರ ಮುಂದೆ ನಿಲ್ಲಿಸಿ ನೋಡುವುದು.

ಕೇಳಲು ಇದು ಗೋಡೆಬರಹದ ಮಾತಿನಂತಿದೆ. ಗೋಡೆಗೇ ನಿಂತರೆ ಅಷ್ಟೇ ಬೆಲೆ ಅದಕ್ಕೆ. ಆದರೆ ದೊಡ್ಡ ಕಾರ್ಖಾನೆಗಳಲ್ಲಿ ಇದು ನಡೆದು ತೋರಿದ ರೀತಿ ಬೇರೆ. 1987ರಲ್ಲಿ ಪಾಲ್ ಓನೀಲ್ ಅವರು ಅಮೆರಿಕದ ಅಲ್ಯೂಮಿನಿಯಂ ಕಂಪನಿ ಅಲ್ಕೋವಾದ ಮುಖ್ಯಸ್ಥರಾದರು. ಹೂಡಿಕೆದಾರರ ಮುಂದೆ ಆಡಿದ ಮೊದಲ ಭಾಷಣದಲ್ಲಿ ಅವರು ಲಾಭದಿಂದ ಶುರುಮಾಡಲಿಲ್ಲ, ಕಾರ್ಮಿಕರ ಸುರಕ್ಷತೆಯಿಂದ ಶುರುಮಾಡಿದರು. ಆ ಒಂದು ಪದಕ್ಕೆ ಅವರು ಹಚ್ಚಿದ ನಿಯಮ ಸರಳ. ಯಾರಿಗೇ ಪೆಟ್ಟಾದರೂ ಆ ವಿಭಾಗದ ಮುಖ್ಯಸ್ಥ 24 ಗಂಟೆಯೊಳಗೆ ತಮಗೆ ತಿಳಿಸಬೇಕು, ಮತ್ತೆ ಹಾಗಾಗದಂತೆ ಏನು ಮಾಡುತ್ತೇವೆಂಬುದನ್ನೂ ಹೇಳಬೇಕು. ಇಪ್ಪತ್ನಾಲ್ಕೇ ಗಂಟೆಯಲ್ಲಿ ಸುದ್ದಿ ಮೇಲಕ್ಕೆ ಬರಬೇಕಾದರೆ ಕುಲುಮೆಯ ಮುಂದೆ ನಿಂತವನ ಮಾತನ್ನು ಮೇಸ್ತ್ರಿ ಕೇಳಲೇಬೇಕು, ಮೇಸ್ತ್ರಿಯ ಮಾತನ್ನು ವ್ಯವಸ್ಥಾಪಕ ಕೇಳಲೇಬೇಕು. ಹಾಗೆ ತೆರೆದ ದಾರಿಯಲ್ಲೇ ಕೆಲಸ ಸುಧಾರಿಸುವ ಬೇರೆ ಸಲಹೆಗಳೂ ಹರಿದು ಬಂದವು. ಗಾಯದಿಂದ ಕೆಲಸದ ದಿನ ತಪ್ಪುವ ಪ್ರಮಾಣ ಶುರುವಿನಲ್ಲಿ ನೂರು ಕಾರ್ಮಿಕರಿಗೆ 1.86 ಇದ್ದದ್ದು 2000ದ ಹೊತ್ತಿಗೆ 0.2ರ ಆಸುಪಾಸಿಗೆ ಇಳಿಯಿತು. ಲಾಭವೂ ಹಲವು ಪಟ್ಟು ಏರಿತು.

ಇಲ್ಲಿ ಗಮನಿಸಬೇಕಾದದ್ದು ಪದದ ಚೆಂದವನ್ನಲ್ಲ. ಅದರ ಬೆನ್ನಿಗೆ ಗಡುವು ಇತ್ತು, ಒಂದು ಲೆಕ್ಕ ಇತ್ತು, ಅದು ಮೊದಲು ಕಟ್ಟಿಹಾಕಿದ್ದು ಮೇಲಿನವರನ್ನು.

ಈಗ ನಮ್ಮ ಸಂಘಕ್ಕೆ ಬರೋಣ. ಪದ ಆರಿಸಲು ಎರಡು ಗಂಟೆ ಸಾಕು, ಆದರೆ ಬರಿಗೈಯಲ್ಲಿ ಕೂರಬೇಡಿ. ಹಿಂದಿನ 12 ತಿಂಗಳ ನಡಾವಳಿ ಪುಸ್ತಕ, ನಮ್ಮ ಹಾಲು ಕೊಳ್ಳುವ ಹಾಲು ಒಕ್ಕೂಟದಿಂದ ವಾಪಸು ಬಂದ ಹಾಲಿನ ಲೆಕ್ಕ, ಹಾಲು ಹಾಕುವುದನ್ನು ಬಿಟ್ಟ ಸದಸ್ಯರ ಹೆಸರು, ಈ ಮೂರನ್ನೂ ಮುಂದಿಟ್ಟುಕೊಳ್ಳಿ. ನಿರ್ದೇಶಕರ ಜೊತೆ ಕಾರ್ಯದರ್ಶಿ ಮತ್ತು ಹಾಲು ಪರೀಕ್ಷಕರೂ ಇರಲಿ, ಏಕೆಂದರೆ ಡೇರಿ ಬಾಗಿಲು ತೆಗೆಯುವವರು ಅವರು. ವರ್ಷದಲ್ಲಿ ಆದ ಜಗಳ, ನಷ್ಟ, ದೂರುಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಪ್ರತಿ ಚೀಟಿಯ ಹಿಂದೆ ‘ಇಲ್ಲಿ ಏನು ಸರಿಯಿದ್ದಿದ್ದರೆ ಇದು ಆಗುತ್ತಿರಲಿಲ್ಲ?’ ಎಂಬುದಕ್ಕೆ ಉತ್ತರ ಬರೆಯಿರಿ. ಒಂದೇ ಉತ್ತರ ಮತ್ತೆ ಮತ್ತೆ ಬರುತ್ತದೆ. ನಿಮ್ಮ ಪದ ಇರುವುದು ಅಲ್ಲಿ.

ಪ್ರಗತಿ, ಒಗ್ಗಟ್ಟು, ನಂಬಿಕೆ ಇಂಥವು ಥಟ್ಟನೆ ಬಾಯಿಗೆ ಬರುತ್ತವೆ. ಅವನ್ನು ಪಕ್ಕಕ್ಕಿಡಿ. ನಾಳೆ ಬೆಳಗ್ಗೆ ಆರು ಗಂಟೆಗೆ, ಕ್ಯಾನಿನ ಪಕ್ಕ ನಿಂತವರು ಆ ಪದಕ್ಕಾಗಿ ಕೈಯಿಂದ ಏನು ಮಾಡಬೇಕು? ಉತ್ತರ ಸಿಗದಿದ್ದರೆ ಪದ ಬಿಡಿ. ಇನ್ನೊಂದು ಪರೀಕ್ಷೆ, ನನ್ನ ಮಟ್ಟಿಗೆ ಇದೇ ಮುಖ್ಯ: ಎರಡು ಒಳ್ಳೆಯ ಕೆಲಸಗಳ ನಡುವೆ ಜಟಾಪಟಿ ಬಂದಾಗ ಯಾವುದನ್ನು ಬಿಡಬೇಕೆಂದು ಆ ಪದ ಹೇಳುತ್ತದೆಯೇ? ‘ಪ್ರಗತಿ’ ಎಲ್ಲದಕ್ಕೂ ಹೂಂ ಅನ್ನುತ್ತದೆ.

ಚೀಟಿಗಳು ಹೆಚ್ಚಾಗಿ ಹುಳಿಯಾದ ಹಾಲಿನತ್ತ ಬೆರಳು ತೋರಿದವೆಂದು ಇಟ್ಟುಕೊಳ್ಳಿ. ಪದ, ಶುಚಿ. ಇದು ಕೊಟ್ಟಿಗೆಯಲ್ಲಿ ಏನಾಗುತ್ತದೆ? ಕೆಚ್ಚಲನ್ನು ಉಗುರು ಬೆಚ್ಚಗಿನ ನೀರಲ್ಲಿ ತೊಳೆದು, ಒಣಬಟ್ಟೆಯಿಂದ ಒರೆಸುವುದು. ಒರೆಸದೆ ಬಿಟ್ಟರೆ ಕೆಚ್ಚಲ ಮೇಲಿನ ಕೊಳೆನೀರು ನೇರ ಪಾತ್ರೆಗೆ ಇಳಿಯುತ್ತದೆ, ತೊಳೆದದ್ದೇ ದಂಡ. ಪ್ರತಿ ಮೊಲೆಯ ಮೊದಲ ಮೂರು ನಾಲ್ಕು ಧಾರೆಯನ್ನು ಬೇರೆ ಬಟ್ಟಲಿಗೆ ಹಿಂಡಿ ನೋಡುವುದು. ಗರಣೆ ಕಂಡರೆ ಕೆಚ್ಚಲು ಬಾವಿನ ಸೂಚನೆ, ಆ ಹಾಲು ಡೇರಿಗೆ ಬರಬಾರದು. ಸಗಣಿ ಬಾಚಿದ ಕೈಯಲ್ಲೇ ಹಾಲು ಕರೆಯದಿರುವುದು. ಕ್ಯಾನನ್ನು ತೊಳೆದ ಮೇಲೆ ಬಾಯಿ ಮೇಲಾಗಿ ಇಡದೆ, ನೀರು ಪೂರ್ತಿ ಬಸಿಯುವಂತೆ ಬೋರಲಾಗಿ ಇಡುವುದು.

ಡೇರಿಯಲ್ಲಿ ಇದೇ ಪದ ವೇಳೆಯ ಜಗಳವನ್ನೂ ಬಗೆಹರಿಸುತ್ತದೆ. ಕರೆದ ಹಾಲಿಗೆ ಮೊದಲ ಒಂದೆರಡು ಗಂಟೆ ತನ್ನದೇ ರಕ್ಷಣೆ ಇರುತ್ತದೆ. ಅದು ಮುಗಿದ ಮೇಲೆ, ನಮ್ಮ ಬೇಸಿಗೆಯ ಸೆಕೆಯಲ್ಲಿ, ಅರ್ಧ ಗಂಟೆಗೊಮ್ಮೆ ಸೂಕ್ಷ್ಮಜೀವಿಗಳು ಇಮ್ಮಡಿಯಾದರೂ ಎರಡೂವರೆ ಗಂಟೆಯಲ್ಲಿ 32 ಪಟ್ಟಾಗುತ್ತವೆ. ಆಮೇಲೆ 4 ಡಿಗ್ರಿಗೆ ತಂಪು ಮಾಡಿದರೆ ಬೆಳವಣಿಗೆ ನಿಧಾನವಾದೀತು, ಸೇರಿದ್ದು ಹೊರಗೆ ಹೋಗದು. ಹಾಗಾಗಿ ‘ಪಾಪ, ದೂರದಿಂದ ಬಂದವರು, ಇನ್ನರ್ಧ ಗಂಟೆ ಕಾಯೋಣ’ ಎಂದು ದಿನವೂ ಬಾಗಿಲು ತೆಗೆದಿಟ್ಟರೆ ಹೊತ್ತಿಗೆ ಸರಿಯಾಗಿ ಹಾಕಿದವರ ಹಾಲೂ ಕೆಡುತ್ತದೆ. ದೂರದವರ ಮೇಲೆ ಕನಿಕರವಿದ್ದರೆ ಆ ಬೀದಿಗೇ ಒಬ್ಬರನ್ನು ಕ್ಯಾನು ಕೊಟ್ಟು ಕಳಿಸಿ. ವಾರ್ಷಿಕ ಮಹಾಸಭೆಗೆ ದೊಡ್ಡ ಶಾಮಿಯಾನ, ಹಾರ, ಶಾಲು ಹಾಕಿಸುವುದೋ, ಡೇರಿಯಲ್ಲಿ ಕ್ಯಾನು ತೊಳೆಯಲು ಬಿಸಿನೀರಿನ ವ್ಯವಸ್ಥೆ ಮಾಡಿಸುವುದೋ ಎಂದು ಪ್ರಶ್ನೆ ಬಂದಾಗಲೂ ಪದ ಉತ್ತರ ಕೊಡುತ್ತದೆ. ಶಾಲು ಸಿಗದವರು ಒಂದಷ್ಟು ದಿನ ಮುನಿಸಿಕೊಂಡಾರು.

ಲೆಕ್ಕ ಒಂದಿರಲಿ, ಹತ್ತು ಬೇಡ. ಮಿಥಿಲೀನ್ ಬ್ಲೂ ಪರೀಕ್ಷೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. 10 ಮಿಲಿಲೀಟರ್ ಹಾಲಿಗೆ 1 ಮಿಲಿಲೀಟರ್ ನೀಲಿ ದ್ರಾವಣ ಬೆರೆಸಿ, 37 ಡಿಗ್ರಿ ನೀರಿನಲ್ಲಿಟ್ಟು, ನೀಲಿ ಬಣ್ಣ ಎಷ್ಟು ಹೊತ್ತಿಗೆ ಮಾಯವಾಗುತ್ತದೆಂದು ನೋಡುತ್ತಾರೆ. ಸೂಕ್ಷ್ಮಜೀವಿಗಳು ಹೆಚ್ಚಿದ್ದಷ್ಟೂ ನೀಲಿ ಬೇಗ ಮಾಯ. ಐದು ಗಂಟೆ ದಾಟಿದರೆ ತುಂಬಾ ಒಳ್ಳೆಯ ಹಾಲು. ಅರ್ಧ ಗಂಟೆಯೊಳಗೇ ಬಿಳಿಯಾದರೆ ಕಳಪೆ. ನಿಮ್ಮ ಸಂಘದ ಹಾಲಿನ ಅಂಕಿಯನ್ನು ಒಕ್ಕೂಟದ ವಿಸ್ತರಣಾಧಿಕಾರಿಯಿಂದ ಕೇಳಿ ಪಡೆದು, ಡೇರಿಯ ಹಲಗೆಯ ಮೇಲೆ ಫ್ಯಾಟು, ದರ ಬರೆಯುವ ಕಡೆಯೇ ಬರೆಸಿ. ಪ್ರತಿ ತಿಂಗಳ ಸಭೆಯಲ್ಲಿ ಮೊದಲ ವಿಷಯ ಇದೇ ಆಗಲಿ. ಕೊನೆಗಿಟ್ಟರೆ ಅಷ್ಟರಲ್ಲಿ ಅರ್ಧ ಜನ ಚಹಾ ಕುಡಿದು ಎದ್ದಿರುತ್ತಾರೆ.

ಇದು ಕೆಡುವುದು ಎಲ್ಲಿ? ಪದ ಬಾರುಕೋಲಾದಾಗ. ಹುಳಿ ಬಂದ ಹಾಲನ್ನು ಎಲ್ಲರೆದುರು ಬೈದು ವಾಪಸು ಕಳಿಸುವುದಷ್ಟೇ ನಿಮ್ಮ ಕ್ರಮವಾದರೆ, ಒಂದೇ ವಾರದಲ್ಲಿ ಯಾರೋ ಹಾಲಿಗೆ ಸೋಡಾ ಬೆರೆಸಿ ಹುಳಿ ಮುಚ್ಚುವುದನ್ನು ಕಲಿಯುತ್ತಾರೆ. ರೊಸಾಲಿಕ್ ಆಮ್ಲ ಹಾಕಿದಾಗ ಅಂಥ ಹಾಲು ಗುಲಾಬಿ ಕೆಂಪಿಗೆ ತಿರುಗಿ ಕಳವು ಬಯಲಾಗುತ್ತದೆ, ನಿಜ. ಆದರೆ ಆ ಹೊತ್ತಿಗೆ ಕೊಟ್ಟಿಗೆಯಲ್ಲಿನ ಕಾರಣ ಹಾಗೇ ಉಳಿದು, ಕಲಬೆರಕೆಯೊಂದು ಹೊಸದಾಗಿ ಸೇರಿರುತ್ತದೆ. ಮುಚ್ಚಿಡುವುದನ್ನು ಮೇಲಿನವರಲ್ಲೇ ಮೊದಲು ತಡೆಯಬೇಕು. ಅಲ್ಕೋವಾದ ಮೆಕ್ಸಿಕೊ ಕಾರ್ಖಾನೆಯಲ್ಲಿ ಕಾರ್ಮಿಕರು ಅನಿಲದಿಂದ ಅಸ್ವಸ್ಥರಾದದ್ದನ್ನು ಸರಿಯಾಗಿ ತಿಳಿಸದ ಹಿರಿಯ ಅಧಿಕಾರಿಯನ್ನು ಓನೀಲ್ 1996ರಲ್ಲಿ ಕೆಲಸದಿಂದ ತೆಗೆದರು. ಕೆಳಗಿನ ಗುಮಾಸ್ತನನ್ನಲ್ಲ.

ಸಂಘದಲ್ಲಿ ಹೀಗೆ ಮಾಡಬಹುದು. ಹಾಲು ಮೊದಲ ಸಲ ವಾಪಸಾದರೆ, ಮರುದಿನ ಅದೇ ಹೊತ್ತಿನೊಳಗೆ ಅಧ್ಯಕ್ಷರೋ ಒಬ್ಬ ನಿರ್ದೇಶಕರೋ ಆ ಮನೆಯ ಕೊಟ್ಟಿಗೆಗೆ ಹೋಗಿ, ನೀರು, ಬಟ್ಟೆ, ಕ್ಯಾನಿನ ಅಂಚು, ಮುಚ್ಚಳದ ಒಳಮೈ ನೋಡಿ ಬರಬೇಕು. ‘ಅಕ್ಕಾ, ನಿನ್ನೆ ಎಷ್ಟೊತ್ತಿಗೆ ಕರೆದಿರಿ?’ ಎಂದು ಶುರುಮಾಡಿದರೆ ಸಾಕು, ಕಾರಣ ತಾನಾಗಿ ಹೊರಬರುತ್ತದೆ. ಹೆಚ್ಚಿನ ಸಲ ಸಿಗುವುದು ಮುಚ್ಚಳದ ಮಡಿಕೆಯಲ್ಲಿ ಅಂಟಿಕೊಂಡ ಹಳೇ ಹಾಲಿನ ಹಳದಿ ಪದರ, ಅಥವಾ ಸಂಜೆ ಹಾಲನ್ನು ಬೆಳಗಿನದಕ್ಕೆ ಬೆರೆಸಿದ ಸಂಗತಿ. ಎರಡನೆಯ ಸಲಕ್ಕೂ ಸರಿಹೋಗದಿದ್ದರೆ ಆಗ ನಿಯಮ ನೋಡಿ.

ಇದಕ್ಕಿಂತ ಮೊದಲು ಅಧ್ಯಕ್ಷರ ಮನೆಯ ಹಾಲು ಸಾಲಿನಲ್ಲಿ ಎಲ್ಲರಂತೆ ನಿಲ್ಲಲಿ, ಅದರ ಮಾದರಿಯನ್ನು ಪರೀಕ್ಷಕರು ಎಲ್ಲರೆದುರು ತೆಗೆಯಲಿ. ಅಧ್ಯಕ್ಷರ ಭಾವಮೈದನ ಕ್ಯಾನನ್ನು ಪರೀಕ್ಷೆ ಮಾಡದೆ ಸುರಿದರೆ, ಹಲಗೆಯ ಮೇಲೆ ಬರೆದ ಪದವನ್ನು ಅವತ್ತೇ ಒರೆಸಿಬಿಡುವುದು ವಾಸಿ.

ನಡುವೆ ಎರಡನೇ ಪದ ನುಸುಳಲು ನೋಡುತ್ತದೆ. ಆರನೇ ತಿಂಗಳಿಗೆ ‘ಶುಚಿಯ ಜೊತೆ ಉಳಿತಾಯವೂ ಇರಲಿ’ ಎಂದು ಯಾರಾದರೂ ಸೂಚಿಸುತ್ತಾರೆ. ಅದನ್ನು ಮುಂದಿನ ವರ್ಷದ ಚೀಟಿಯಲ್ಲಿ ಬರೆದಿಡಿ. ಒಂದು ಮಹಾಸಭೆಯಿಂದ ಇನ್ನೊಂದು ಮಹಾಸಭೆಯವರೆಗೆ ಒಂದೇ ಪದ. ಆ ದಿನ ಹಲಗೆಯ ಅಂಕಿಯನ್ನು ಸದಸ್ಯರ ಮುಂದೆ ಓದಿ, ವಾಪಸು ಬಂದ ಕ್ಯಾನುಗಳ ಸಂಖ್ಯೆ ಇಳಿದಿದೆಯೋ ಇಲ್ಲವೋ ಹೇಳಿ. ಇಳಿದಿರದಿದ್ದರೆ ಪದ ಬದಲಿಸಲು ಅವಸರಪಡಬೇಡಿ. ಕೊಟ್ಟಿಗೆಗೆ ಹೋದ ಭೇಟಿಗಳ ಪುಸ್ತಕ ತೆಗೆದು, ಎಷ್ಟು ಸಲ 24 ಗಂಟೆಯೊಳಗೆ ಹೋಗಿದ್ದಿರಿ ಎಂದು ಮೊದಲು ಎಣಿಸಿ. ನಮಸ್ಕಾರ.