ಎಡಕ್ಕೆ ಹೋಗು ಅಂತೀರಲ್ಲ, ಎಡಗಡೆ ರಸ್ತೆ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಸೈಕಲ್ ತುಳಿಯುವವರಿಗೆ ದಿನಾ ಕೇಳಿಸುವ ಮಾತು ಒಂದೇ. ಮೊದಲು ಹಾರ್ನ್, ಆಮೇಲೆ ಬಾಯಿ. "ಏ, ಬಾಜೂಕ್ ಸರಿ!" ಸ್ವಲ್ಪ ಮರ್ಯಾದೆ ಇರುವವರು "ಸರ್, ಎಡಕ್ಕ ಹೋಗ್ರಿ" ಅನ್ನುತ್ತಾರೆ. ನಾನು ಸೇಡಂ ರಸ್ತೆ ಕಡೆಯಿಂದ ಎಸ್‌ವಿಪಿ ಸರ್ಕಲ್, ಜಗತ್ ಸರ್ಕಲ್ ದಾಟಿ ಸೂಪರ್ ಮಾರ್ಕೆಟ್ ಕಡೆಗೆ ಕೆಲಸಕ್ಕೆ ಹೋಗುವುದು ಸೈಕಲ್ ಮೇಲೆ. ಹಾಗಾಗಿ ಇವತ್ತು ಆ ಎಡಗಡೆಯ ಬಗ್ಗೆನೇ ಮಾತಾಡುತ್ತೇನೆ. ಬೇರೆ ಏನೂ ಇಲ್ಲ.

ಎಡಕ್ಕೆ ಹೋಗಬೇಕು, ಸರಿ. ನಿಧಾನ ಹೋಗುವ ಗಾಡಿ ಎಡಕ್ಕೇ ಇರಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಕಾರಿನ ಒಳಗೆ ಕೂತು ನೋಡಿದರೆ ಖಾಲಿ ಕಾಣುವ ಆ ಎರಡು ಮೂರು ಅಡಿ ಜಾಗ ನಿಜವಾಗಿ ಖಾಲಿ ಇದೆಯಾ? ಡಿವೈಡರ್ ಪಕ್ಕದ ಧೂಳೆಲ್ಲ ಗಾಳಿಗೆ ಸರಿದು ಬಂದು ಕೂರುವುದು ಅಲ್ಲೇ. ಕಟ್ಟಡದ ಉಸುಕು, ಜಲ್ಲಿ ಇಳಿಸುವುದು ಅಲ್ಲೇ. ಆಟೋ ನಿಲ್ಲುವುದು ಅಲ್ಲೇ, ಹಣ್ಣಿನ ಬಂಡಿ ಅಲ್ಲೇ, ಬಸ್ ತಿರುಗಿ ನಿಲ್ಲುವುದೂ ಅಲ್ಲೇ. ಅಂಗಡಿ ಮುಂದೆ ಚರಂಡಿ ಮೇಲೆ ಶಹಾಬಾದ್ ಫರ್ಸಿ, ಅಂದರೆ ಕಲ್ಲಿನ ಚಪ್ಪಡಿ, ಹಾಕಿರುತ್ತಾರೆ, ಎರಡು ಫರ್ಸಿ ನಡುವೆ ಮುಂದಿನ ಗಾಲಿ ಸರಿಯಾಗಿ ಇಳಿಯುವಷ್ಟು ಸಂದಿ ಬಿಟ್ಟಿರುತ್ತಾರೆ. ಬೈಕಿನ ದಪ್ಪ ಟಯರ್‌ಗೆ ಅದು ಗೊತ್ತೇ ಆಗುವುದಿಲ್ಲ. ಸೈಕಲ್‌ನವನು ಮುಗ್ಗರಿಸಿ ಬೀಳುತ್ತಾನೆ, ಅದೂ ರಸ್ತೆ ಕಡೆಗೆ, ಹಿಂದೆ ಬರುವ ಗಾಡಿ ಮುಂದೆ.

ಇನ್ನು ರಾಂಗ್ ಸೈಡ್. ಡಿವೈಡರ್‌ನಲ್ಲಿ ಮುಂದಿನ ತಿರುವು ಸ್ವಲ್ಪ ದೂರ ಇದ್ದರೆ ಸಾಕು, ಬೈಕ್‌ನವರು ಎದುರಿಗೆ ಬಂದೇ ಬರುತ್ತಾರೆ. ಅವರೂ ಅಂಚು ಹಿಡಿದೇ ಬರುತ್ತಾರೆ. ಆಗ ಯಾರು ಸರಿಯಬೇಕು? ಹಿಂದೆ ನೋಡಲು ಕನ್ನಡಿ ಇಲ್ಲದ, ಒಂದೇ ಸಲಕ್ಕೆ ವೇಗ ಹೆಚ್ಚಿಸಲು ಆಗದ ಸೈಕಲ್‌ನವನೇ ರಸ್ತೆ ಮಧ್ಯಕ್ಕೆ ಸರಿಯಬೇಕು. ಸರಿದ ಕೂಡಲೇ ಹಿಂದಿನಿಂದ ಮತ್ತೆ ಅದೇ, ಬಾಜೂಕ್ ಸರಿ. ನನಗೆ ಸಿಟ್ಟು ಬರುವುದು ಇಲ್ಲೇ.

ಮುಳ್ಳಿನ ವಿಷಯ ಹೇಳಲೇಬೇಕು. ರಿಂಗ್ ರೋಡ್ ಪಕ್ಕ ಬಳ್ಳಾರಿ ಜಾಲಿ ಎಷ್ಟು ಬೆಳೆದಿದೆ ಅಂತ ನೀವೆಲ್ಲ ನೋಡಿದ್ದೀರಿ. ಆಗಾಗ ಯಾರೋ ಕಡಿಯುತ್ತಾರೆ, ಒಳ್ಳೆಯ ಕೆಲಸ. ಆದರೆ ಕಡಿದ ಟೊಂಗೆಗಳನ್ನು ರಸ್ತೆ ಅಂಚಿನಲ್ಲೇ ಎಳೆದು ಹೋಗುತ್ತಾರೆ. ಎಲೆ ಒಣಗಿ ಹಾರಿಹೋಗುತ್ತದೆ, ಮುಳ್ಳು ಉಳಿಯುತ್ತದೆ. ಒಣಗಿದ ಮುಳ್ಳಿಗೆ ಮಣ್ಣಿನದೇ ಬಣ್ಣ, ಕಣ್ಣಿಗೆ ಬೀಳುವುದಿಲ್ಲ. ಟಯರ್‌ಗೆ ಚುಚ್ಚಿದ ಮೇಲೆ ಹೊರಗಿನ ಭಾಗ ಮುರಿದು ಹೋಗುತ್ತದೆ, ತುದಿ ಮಾತ್ರ ರಬ್ಬರ್ ಒಳಗೆ ಕೂತಿರುತ್ತದೆ. ಟ್ಯೂಬ್ ತೆಗೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಬಂದ ಕಡೆ ಉಜ್ಜಿ, ಸಲ್ಯೂಷನ್ ಹಚ್ಚಿ ಪ್ಯಾಚ್ ಹಾಕಿದರೂ ಆ ತುದಿ ತೆಗೆಯದೇ ಇದ್ದರೆ ಮನೆ ಮುಟ್ಟುವಷ್ಟರಲ್ಲಿ ಮತ್ತೆ ಹವಾ ಹೋಗಿರುತ್ತದೆ. ನಾನು ಹೋಗುವ ಅಂಗಡಿಯ ಕಾಕಾ ಪ್ಯಾಚ್ ಹಾಕುವ ಮೊದಲು ಟಯರ್ ಒಳಗೆ ಬೆರಳು ಆಡಿಸುತ್ತಾರೆ, ಮೆಲ್ಲಗೆ, ಸುತ್ತಲೂ. "ಇನ್ನೊಂದ್ ಅದ ನೋಡ್ರಿ ಒಳಗ" ಅಂತ ಇಕ್ಕಳದಿಂದ ಎಳೆದು ಅಂಗೈ ಮೇಲೆ ಇಟ್ಟು ತೋರಿಸುತ್ತಾರೆ. ಅವರ ಬೆರಳ ತುದಿಯಲ್ಲಿ ಗೀರುಗಳೇ ಜಾಸ್ತಿ. ಇಂಥ ಕೆಲಸ ಮಾಡುವವರು ಈಗ ಕಡಿಮೆ. ಬೈಕಿನ ಟ್ಯೂಬ್‌ಲೆಸ್ ಪಂಕ್ಚರ್ ಬೇಗ ಮುಗಿಯುತ್ತದೆ, ದುಡ್ಡೂ ಜಾಸ್ತಿ, ಸೈಕಲ್ ತಗೊಂಡು ಹೋದರೆ "ನಿಂದರ್ರಿ" ಅಂತ ಮೂಲೆಗೆ ನಿಲ್ಲಿಸುತ್ತಾರೆ. ಅವರದೂ ಹೊಟ್ಟೆಪಾಡು, ಅವರನ್ನು ನಾನು ಬೈಯುವುದಿಲ್ಲ.

ಮಳೆಗಾಲದಲ್ಲಿ ಮುಳ್ಳಿನ ಜತೆಗೆ ಎರೆಮಣ್ಣು. ಹೊಸ ಬಡಾವಣೆಗಳಲ್ಲಿ ಪೈಪ್ ಹಾಕಲು ಅಗೆದ ಮಣ್ಣನ್ನು ಅಂಚಿಗೇ ಒಟ್ಟಿರುತ್ತಾರಲ್ಲ, ಒಂದು ಮಳೆ ಬಿದ್ದರೆ ಅದು ಟಯರ್‌ಗೂ ಮಡ್‌ಗಾರ್ಡ್‌ಗೂ ನಡುವೆ ತುಂಬಿಕೊಂಡು ಗಾಲಿ ತಿರುಗದ ಹಾಗೆ ಮಾಡುತ್ತದೆ. ಕಡ್ಡಿ ತಗೊಂಡು ಕೆರೆಯಬೇಕು, ಇಲ್ಲಾ ಸೈಕಲ್ ಹೊತ್ತುಕೊಂಡು ನಡೆಯಬೇಕು.

ಬಿಸಿಲಲ್ಲಿ ಸೈಕಲ್ ಯಾಕ್ರಿ ಅಂತ ಕೇಳುವವರೂ ಇದ್ದಾರೆ. ಮೇ ತಿಂಗಳಲ್ಲಿ 42, 43 ಡಿಗ್ರಿ ನಮಗೆ ಹೊಸದಲ್ಲ. ಅದಕ್ಕೇ ನಮ್ಮ ಭಾಗದ ಸರ್ಕಾರಿ ಕಚೇರಿಗಳಿಗೆ ಬೇಸಿಗೆಯಲ್ಲಿ ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಅಂತ ಸಮಯ ಬದಲಾಯಿಸುತ್ತಾರೆ. ಬೆಳಗ್ಗೆ ಹೋಗುವುದು ಹಾಯಾಗಿರುತ್ತದೆ. ಬಿಡುವುದು ಮಾತ್ರ ನೆತ್ತಿ ಸುಡುವ ಹೊತ್ತಿಗೆ. ಆಗ ರಸ್ತೆ ಪಕ್ಕ ಒಂದು ಬೇವಿನ ಮರ ಇದ್ದರೆ ಅದರ ಬೆಲೆ ಸೈಕಲ್‌ನವನಿಗೆ ಗೊತ್ತು. ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದೂ ಅದೇ ಮರ.

ಈ ಅಂಚಿನಲ್ಲಿ ಯಾರು ಹೋಗುತ್ತಾರೆ ಅಂತ ಒಮ್ಮೆ ನೋಡಿ. ಹೆಲ್ಮೆಟ್ ಹಾಕಿಕೊಂಡು ಭಾನುವಾರ ಬುದ್ಧವಿಹಾರದವರೆಗೆ ಹೋಗಿ ಬರುವವರು ಇದ್ದಾರೆ, ಇರಲಿ, ಸಂತೋಷ. ಆದರೆ ಬೆಳಗ್ಗೆ ಐದಕ್ಕೆ ಪೇಪರ್ ಹಾಕುವ ಹುಡುಗರು, ಹ್ಯಾಂಡಲ್‌ಗೆ ಬುತ್ತಿ ಚೀಲ ನೇತುಹಾಕಿಕೊಂಡ ಗೌಂಡಿಗಳು, ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊರುವ ಹಮಾಲರು, ಮನೆ ಮನೆಗೆ ಕೆಲಸಕ್ಕೆ ಹೋಗುವವರು, ಇವರೇ ಜಾಸ್ತಿ. ಆಮೇಲೆ ಮಕ್ಕಳು. 2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಪುಕ್ಕಟೆ ಸೈಕಲ್ ಕೊಡಲು ಶುರು ಮಾಡಿತ್ತು. ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಬಿಡದೇ ಓದಿದ್ದು ಆ ಸೈಕಲ್‌ನಿಂದ. ಸೈಕಲ್ ಕೊಟ್ಟೆವು, ಅದನ್ನು ಓಡಿಸುವ ಜಾಗ ಕೊಡಲಿಲ್ಲ. ಇದು ನನ್ನ ನಿಜವಾದ ಸಂಕಟ. ಹಮಾಲಿ ಮಾಡುವವನು ಯಾವ ಕಚೇರಿಗೆ ಹೋಗಿ ಅರ್ಜಿ ಕೊಡುತ್ತಾನೆ, ನನ್ನ ರಸ್ತೆ ಗುಡಿಸಿ ಅಂತ?

ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅಂತ ಬಾಡಿಗೆ ಸೈಕಲ್ ಯೋಜನೆ ಬಂತು. ನಮಗೂ ಬರಲಿ ಅಂತ ಕೆಲವರು ಕೇಳುತ್ತಾರೆ. ನನ್ನ ಕೇಳಿದರೆ ಅದು ಆಮೇಲೆ. ನಮ್ಮ ಊರು ಸಮತಟ್ಟು, ಏರು ಇಳಿಜಾರು ಕಡಿಮೆ, ಬಹಳ ಜನರ ಓಡಾಟ ಐದಾರು ಕಿಲೋಮೀಟರ್ ಒಳಗೇ. ಸೈಕಲ್‌ಗೆ ಇದಕ್ಕಿಂತ ಒಳ್ಳೆಯ ಊರು ಬೇಕಾ? ಬಣ್ಣ ಬಳಿದ ಹೊಸ ಟ್ರ್ಯಾಕ್ ಕೂಡ ನಾನು ಕೇಳುತ್ತಿಲ್ಲ. ಕಟ್ಟಿದರೂ ಅದರ ಮೇಲೆ ಕಾರು ನಿಲ್ಲುತ್ತದೆ, ಅಲ್ವಾ?

ನಾನು ಕೇಳುವುದು ಇಷ್ಟೇ. ಕಸ ಗುಡಿಸುವಾಗ ಅಂಚಿನ ಉಸುಕನ್ನೂ ಎತ್ತಿ. ಜಾಲಿ ಕಡಿದರೆ ಅವತ್ತೇ ಸಾಗಿಸಿ. ಫರ್ಸಿ ಸಂದಿ ಮುಚ್ಚಿ. ಅಡ್ಡಾದಿಡ್ಡಿ ನಿಲ್ಲಿಸಿದ ಗಾಡಿಗೆ ದಂಡ ಹಾಕಿ, ಅದಕ್ಕೆ ಹೊಸ ಕಾನೂನು ಬೇಡ, 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಬೇರೆಯವರಿಗೆ ಅಪಾಯ, ಅಡ್ಡಿ ಆಗುವ ಹಾಗೆ ಗಾಡಿ ನಿಲ್ಲಿಸಬಾರದು ಅಂತ ಆಗಲೇ ಹೇಳಿದೆ. ಕಚೇರಿಗಳ ಮುಂದೆ ಬೀಗ ಹಾಕಲು ಒಂದು ಕಬ್ಬಿಣದ ಕಂಬಿ ನೆಡಿ. "ಸೈಕಲ್ ಇಲ್ಲಿ ಹಚ್ಚಬ್ಯಾಡ್ರಿ, ಸಾಹೇಬರ ಗಾಡಿ ಬರ್ತದ" ಅಂತ ಗೇಟಿನವರು ಅಂದರೆ, ಹಾಗಾದರೆ ಎಲ್ಲಿ ಹಚ್ಚಲಿ ಅಂದಾಗ ತೋರಿಸಲು ಒಂದು ಜಾಗ ಇರಲಿ.

ನೋಡುತ್ತಿರುವವರಲ್ಲಿ ನಗರಸೇವಕರಿದ್ದರೆ, ರಸ್ತೆ ಕೆಲಸದ ಗುತ್ತಿಗೆದಾರರಿದ್ದರೆ, ಇಂಜಿನಿಯರ್‌ಗಳಿದ್ದರೆ ನಿಮಗೇ ಕೈಮುಗಿದು ಹೇಳುತ್ತಿದ್ದೇನೆ. ಮೇ ಕೊನೆಗೆ ಶಾಲೆ ಶುರುವಾಗುತ್ತವೆ. ಊರೆಲ್ಲಾ ಒಮ್ಮೆಗೇ ಆಗಲ್ಲ, ಗೊತ್ತು. ಶಾಲೆ ಇರುವ ರಸ್ತೆಗಳಿಂದ ಶುರು ಮಾಡಿ, ಅಷ್ಟರೊಳಗೆ ಅವುಗಳ ಎಡ ಅಂಚನ್ನು ಖಾಲಿ ಮಾಡಿಕೊಡಿ.