ಮಳೆಪುಸ್ತಕದ ಹಿಂದಿನ ಪುಟಗಳು

ನಮಸ್ಕಾರ. ಈಗ ನಿಮಗೆ ಕಾಣುತ್ತಿರುವುದು ನಾಪೋಕ್ಲು ಕಡೆಯ ನಮ್ಮ ಮನೆಯ ಜಗಲಿ. ಬೆಳಗಿನ ಜಾವ ನಾಲ್ಕೂಮುಕ್ಕಾಲು. ಕಾಫಿ ಗಿಡಗಳ ಮೇಲೆ ಮಂಜು ಇನ್ನೂ ಕೂತಿದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಂಜೆ ಏಳೂವರೆಗೆ ಶುರುವಾಗುವ ಬ್ಯಾಸ್ಕೆಟ್‌ಬಾಲ್ ಪಂದ್ಯ ಅಕ್ಟೋಬರ್‌ನಲ್ಲಿ ನಮಗೆ ಮುಂಜಾನೆ ಐದಕ್ಕೆ ಸಿಗುತ್ತದೆ. ನವೆಂಬರ್ ಮೊದಲ ವಾರ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಆರು ಗಂಟೆಗೆ. ತಲಕಾವೇರಿಯ ತೀರ್ಥೋದ್ಭವ ಮುಗಿದು ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಅಮೆರಿಕದ ಆ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಋತು ಆರಂಭವಾಗುತ್ತದೆ. ಆದ್ದರಿಂದ ನನಗೆ ಆ ಎರಡೂ ಒಂದೇ ವಾರದ ಹಬ್ಬಗಳು.

ಮೇಜಿನ ಮೇಲಿರುವ ಈ ಪುಸ್ತಕ ನಮ್ಮ ಮಳೆಪುಸ್ತಕ. ಕೊಡಗಿನ ತೋಟದ ಮನೆಗಳಲ್ಲಿ ಇಂಥದ್ದೊಂದು ಇದ್ದೇ ಇರುತ್ತದೆ: ದಿನಕ್ಕೊಂದು ಸಾಲು, ಇಂಚು ಮತ್ತು ಸೆಂಟ್‌ಗಳಲ್ಲಿ (ಇಂಚಿನ ನೂರನೆಯ ಒಂದು ಪಾಲು) ಬಿದ್ದ ಮಳೆ, ಅಷ್ಟೇ. ಅದರ ಹಿಂದಿನ ಪುಟಗಳಲ್ಲಿ ನಾನು ಪಂದ್ಯಗಳ ಲೆಕ್ಕ ಬರೆಯುತ್ತೇನೆ. 2024ರ ಅಕ್ಟೋಬರ್ 26ರ ಪುಟವನ್ನು ಇವತ್ತು ನಿಮಗೆ ತೋರಿಸಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಆ ಮುಂಜಾನೆ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇಂಡಿಯಾನಾ ಪೇಸರ್ಸ್ ತಂಡ 123-98ರಿಂದ ಸೋತಿತು. ತಂಡದ ಮುಖ್ಯ ಆಟಗಾರ ಟೈರೀಸ್ ಹಾಲಿಬರ್ಟನ್ ಎಂಟು ಬಾರಿ ಬುಟ್ಟಿಗೆ ಎಸೆದರು, ಎಂಟೂ ತಪ್ಪಿದವು. ಅವರ ಹೆಸರಿನ ಮುಂದೆ ಸೊನ್ನೆ ಅಂಕ. ನಾನು ಪೆನ್ಸಿಲ್‌ನಲ್ಲಿ ಬರೆದ ಸಾಲು ಇದು: 'ಈ ವರ್ಷ ಇವರಿಂದ ಆಗದು.'

ಎರಡನೆಯ ಪಂದ್ಯಕ್ಕೇ ಅಂಥ ತೀರ್ಪು ಬರೆಯುವ ಆತುರ ನನಗೆ ಎಲ್ಲಿಂದ ಬಂತೆಂದು ಯೋಚಿಸಿದ್ದೇನೆ. ನಾವು ಹಾಕಿ ನೋಡುತ್ತ ಬೆಳೆದವರು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವ ನಾಕೌಟ್ ಪದ್ಧತಿಯದು. 2024ರಲ್ಲಿ ನಮ್ಮ ನಾಪೋಕ್ಲುವಿನಲ್ಲೇ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ 360 ತಂಡಗಳು ಸೇರಿದಾಗಲೂ, ಒಮ್ಮೆ ಸೋತ ಒಕ್ಕಕ್ಕೆ (ಮನೆತನಕ್ಕೆ) ಆ ವರ್ಷದ ಉತ್ಸವ ಅಲ್ಲಿಗೇ ಮುಗಿಯಿತು. ಮೊದಲ ಪಂದ್ಯವೇ ಕೊನೆಯ ಪಂದ್ಯವಾಗಬಹುದಾದ ಆಟಕ್ಕೆ ಒಗ್ಗಿದ ಕಣ್ಣು, ಒಂದೊಂದು ತಂಡವೂ 82 ಪಂದ್ಯ ಆಡುವ ಲೀಗನ್ನು ಅದೇ ಅವಸರದಿಂದ ನೋಡಿತು. ಅದೇ ಪುಸ್ತಕದ ಮುಂದಿನ ಪುಟಗಳಲ್ಲಿ, ಜೂನ್‌ನ ಮೊದಲ ವಾರ ಮಳೆ ಬಾರದಿದ್ದರೆ 'ಈ ವರ್ಷ ಮಳೆಯಿಲ್ಲ' ಎಂದು ನಮ್ಮ ಮನೆಯಲ್ಲಿ ಯಾರೂ ಬರೆದದ್ದಿಲ್ಲ.

ಆ ಅಕ್ಟೋಬರ್‌ನಲ್ಲಿ ಎಲ್ಲರನ್ನೂ ಬೆರಗುಗೊಳಿಸಿದ್ದು ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್. ಮೊದಲ ಪಂದ್ಯದಲ್ಲೇ ಟೊರಾಂಟೊ ತಂಡವನ್ನು 30 ಅಂಕಗಳಿಂದ ಸೋಲಿಸಿ, ಅಲ್ಲಿಂದ ಸತತ 15 ಪಂದ್ಯ ಗೆದ್ದು, 16ನೆಯದನ್ನು ಬಾಸ್ಟನ್‌ಗೆ ಬಿಟ್ಟುಕೊಟ್ಟಿತು. ಇದರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು, ತಂಡ ಹೊಸ ಆಟಗಾರರನ್ನು ಕೊಂಡು ತಂದು ಹೀಗಾದದ್ದಲ್ಲ ಎಂಬುದು. ಹೊಸಬರೆಂದರೆ ಮುಖ್ಯವಾಗಿ ತರಬೇತುದಾರ ಕೆನ್ನಿ ಆಟ್ಕಿನ್ಸನ್. ಚೆಂಡು ಯಾವಾಗಲೂ ಡೊನೊವನ್ ಮಿಚೆಲ್ ಕೈಯಲ್ಲೇ ಇರಬೇಕೆಂಬ ಹಟವನ್ನು ಅವರು ಬಿಡಿಸಿದರು. ಮಿಚೆಲ್ ಅವರು ಪಂದ್ಯವೊಂದಕ್ಕೆ ಗಳಿಸುವ ಅಂಕಗಳ ಸರಾಸರಿ ಹಿಂದಿನ ಋತುವಿನ 26.6ರಿಂದ 24ಕ್ಕೆ ಇಳಿಯಿತು, ಡೇರಿಯಸ್ ಗಾರ್ಲೆಂಡ್ ಮತ್ತು ಇವಾನ್ ಮೋಬ್ಲಿ ಇಬ್ಬರದ್ದೂ ಏರಿತು. ತಾರೆಯೊಬ್ಬ ತನ್ನ ಅಂಕಗಳನ್ನು ಬಿಟ್ಟುಕೊಟ್ಟು ತಂಡವನ್ನು ಬೆಳೆಸುವುದನ್ನು ನೋಡುವುದಕ್ಕಿಂತ ದೊಡ್ಡ ಸಂತೋಷ ಈ ಆಟದಲ್ಲಿ ನನಗೆ ಇನ್ನೊಂದಿಲ್ಲ. ಇಂಥ ಆರಂಭಕ್ಕೆ ಬೇರಿದೆ ಎಂದು ಆಗಲೇ ಅನ್ನಿಸಿತ್ತು. ಋತು ಮುಗಿದಾಗ ಅವರ ಲೆಕ್ಕ 64 ಗೆಲುವು, 18 ಸೋಲು.

ಫೀನಿಕ್ಸ್ ಸನ್ಸ್ ತಂಡದ ಆರಂಭವೂ ಕಾಗದದ ಮೇಲೆ ಹಾಗೆಯೇ ಹೊಳೆಯುತ್ತಿತ್ತು: ಒಂಬತ್ತರಲ್ಲಿ ಎಂಟು ಗೆಲುವು. ಕೆವಿನ್ ಡ್ಯುರಾಂಟ್ ಮತ್ತು ಡೆವಿನ್ ಬುಕರ್ ಇದ್ದ ತಂಡದಿಂದ ಅದು ನಿರೀಕ್ಷಿತವೆಂದೇ ನಾನೂ ನಂಬಿದ್ದೆ. ಆದರೆ ಗೆಲುವಿನ ಅಂತರಗಳನ್ನು ನೋಡಿ. ಮೊದಲ ಪಂದ್ಯ ಸಮವಾಗಿ ಓವರ್‌ಟೈಮ್‌ಗೆ, ಅಂದರೆ ಹೆಚ್ಚುವರಿ ಅವಧಿಗೆ, ಹೋಗಿ ಮೂರು ಅಂಕಗಳಿಂದ ಗೆದ್ದದ್ದು. ಫಿಲಡೆಲ್ಫಿಯಾ ಮೇಲೆ ಎರಡು ಅಂಕ, ಮಯಾಮಿ ಮೇಲೆ ಮೂರು, ಡಲ್ಲಾಸ್ ಮೇಲೆ ಒಂದೇ ಒಂದು. ಕೊನೆಯ ಎಸೆತ ಅತ್ತ ಬಿದ್ದಿದ್ದರೆ ಆ ಎಂಟು ನಾಲ್ಕೋ ಐದೋ ಆಗಿಬಿಡುತ್ತಿತ್ತು. ಅಷ್ಟರಲ್ಲಿ ಡ್ಯುರಾಂಟ್ ಅವರ ಮೀನಖಂಡಕ್ಕೆ ಪೆಟ್ಟಾಯಿತು, ತಂಡ ಜಾರತೊಡಗಿತು, ಕೊನೆಗೆ 36 ಗೆಲುವು ಮತ್ತು 46 ಸೋಲುಗಳೊಂದಿಗೆ, ಋತುವಿನ ಕೊನೆಯ ಪ್ರಶಸ್ತಿ ಸುತ್ತುಗಳಾದ ಪ್ಲೇಆಫ್‌ನ ಹೊರಗೇ ಉಳಿಯಿತು.

ಮೊದಲ ನಿರಾಶೆಯೇ ನಿಜವಾದದ್ದೂ ಉಂಟು. ಪಾಲ್ ಜಾರ್ಜ್ ಅವರನ್ನು ಸೇರಿಸಿಕೊಂಡು ದೊಡ್ಡ ಆಸೆಯಿಂದ ಹೊರಟ ಫಿಲಡೆಲ್ಫಿಯಾ, ಮೊದಲ 14 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದಿತು. ಇಲ್ಲಿ ತಾಳ್ಮೆಯಿಂದ ಏನೂ ಆಗುವಂತಿರಲಿಲ್ಲ, ಏಕೆಂದರೆ ಕಾರಣ ತಂಡದ ಮುಖ್ಯ ಆಟಗಾರ ಜೋಯೆಲ್ ಎಂಬೀಡ್ ಅವರ ಮೊಣಕಾಲಿನಲ್ಲಿತ್ತು. ಅವರು ಆ ಇಡೀ ಋತುವಿನಲ್ಲಿ ಆಡಿದ್ದು 19 ಪಂದ್ಯ. ತಂಡ ಗೆದ್ದದ್ದು 24. ಅದೇ ಹೊತ್ತಿಗೆ ಹತ್ತರಲ್ಲಿ ಎಂಟು ಸೋತಿದ್ದ ಮಿಲ್ವಾಕೀ ಬಕ್ಸ್ ಮಾತ್ರ ಡಿಸೆಂಬರ್‌ನಲ್ಲಿ ಲಾಸ್ ವೇಗಸ್‌ಗೆ ಹೋಗಿ, ಋತುವಿನ ನಡುವೆಯೇ ನಡೆಯುವ ಟೂರ್ನಿಯಾದ ಎನ್‌ಬಿಎ ಕಪ್ ಎತ್ತಿಕೊಂಡು ಬಂತು.

ಇವನ್ನೆಲ್ಲ ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ನನ್ನ ಪುಟಗಳಲ್ಲಿ ಇನ್ನೊಂದು ಗೆರೆ ಎಳೆದು 'ಕಾರಣ' ಎಂಬ ಕಾಲಂ ಸೇರಿಸಿದೆ. ಇಂಡಿಯಾನಾದ ಮುಂದೆ ಅದನ್ನು ತುಂಬುವಾಗ ನನಗೆ ನಿಜಕ್ಕೂ ನೋವಾಯಿತು. ಡಿಸೆಂಬರ್‌ನಲ್ಲಿ ನಮ್ಮ ಸುಗ್ಗಿ ಹಬ್ಬ ಪುತ್ತರಿ ಸಮೀಪಿಸುವ ಹೊತ್ತಿಗೆ ಅವರ ಲೆಕ್ಕ 10 ಗೆಲುವು, 15 ಸೋಲು. ಆದರೆ ಜೇಮ್ಸ್ ವೈಸ್‌ಮನ್ ಮೊದಲ ಪಂದ್ಯದಲ್ಲೇ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದುಕೊಂಡು ಇಡೀ ಋತುವಿಗೆ ಹೊರಗಾಗಿದ್ದರು; ಹತ್ತು ದಿನ ಕಳೆಯುವುದರೊಳಗೆ ಐಸಾಯಾ ಜ್ಯಾಕ್ಸನ್‌ಗೂ ಅದೇ ಗಾಯ. ಇಬ್ಬರೂ ಬುಟ್ಟಿಯ ಕೆಳಗೆ ನಿಲ್ಲಬೇಕಾದ ಎತ್ತರದ ಆಳುಗಳು. ಆರನ್ ನೆಸ್ಮಿತ್ ಮತ್ತು ಆಂಡ್ರ್ಯೂ ನೆಂಬ್‌ಹಾರ್ಡ್ ಕೂಡ ಗಾಯದಿಂದ ಬದಿಗೆ ಕೂತಿದ್ದರು. ಅರ್ಧ ತಂಡವೇ ಕಣದಿಂದ ಹೊರಗಾಗಲಿದ್ದ ಋತುವಿನ ತೀರ್ಪನ್ನು ನಾನು ಎರಡನೆಯ ಪಂದ್ಯಕ್ಕೇ ಒಬ್ಬ ಮನುಷ್ಯನ ಮೇಲೆ ಬರೆದಿದ್ದೆ. ಗಾಯಾಳುಗಳು ಮರಳಿದ ಮೇಲೆ ಉಳಿದ 57ರಲ್ಲಿ 40 ಪಂದ್ಯಗಳನ್ನು ಅವರು ಗೆದ್ದರು.

ಮುಂದೆ ನಡೆದದ್ದನ್ನು ಹೇಳದೆ ಈ ಪುಟ ಮುಚ್ಚಲಾರೆ. 2025ರ ಮೇ ತಿಂಗಳಲ್ಲಿ, ಹದಿನೈದಕ್ಕೆ ಹದಿನೈದು ಗೆದ್ದ ಕ್ಲೀವ್‌ಲ್ಯಾಂಡ್ ಮತ್ತು ಹದಿನೈದು ಸೋಲುಂಡ ಇಂಡಿಯಾನಾ ಪ್ಲೇಆಫ್‌ನ ಎರಡನೆಯ ಸುತ್ತಿನಲ್ಲಿ ಎದುರುಬದುರಾದವು. ಹಿಂದಿನ ಸುತ್ತಿನಲ್ಲಿ ಮಯಾಮಿಯನ್ನು ಒಂದು ಪಂದ್ಯದಲ್ಲಿ 55 ಅಂಕಗಳಿಂದ ಸೋಲಿಸಿ ಬಂದಿತ್ತು ಕ್ಲೀವ್‌ಲ್ಯಾಂಡ್. ಆದರೆ ಈಗ ಗಾಯಾಳುಗಳು ಅವರ ಕಡೆಗಿದ್ದರು. ಮೇ 7ರ ಮುಂಜಾನೆ, ಎರಡನೆಯ ಪಂದ್ಯದಲ್ಲಿ ಗಾರ್ಲೆಂಡ್ ಮತ್ತು ಮೋಬ್ಲಿ ಇಬ್ಬರೂ ಇರಲಿಲ್ಲ. ಆದರೂ ಕೊನೆಯ ನಿಮಿಷದಲ್ಲಿ ಇಂಡಿಯಾನಾ ಏಳು ಅಂಕ ಹಿಂದಿತ್ತು. ಹಾಲಿಬರ್ಟನ್ ಫ್ರೀ ಥ್ರೋ ತಪ್ಪಿದರು, ತಪ್ಪಿದ ಚೆಂಡನ್ನು ತಾವೇ ಹಿಡಿದರು, ಮೂರು ಅಂಕದ ಗೆರೆಯ ಆಚೆಗೆ ಹಿಂದೆ ಸರಿದು ಎಸೆದರು. ಉಳಿದದ್ದು 1.1 ಸೆಕೆಂಡು, ಅಂಕ 120-119. ಸರಣಿ 4-1ರಿಂದ ಇಂಡಿಯಾನಾದ ಪಾಲಾಯಿತು. ಅದರ ಮುಂದಿನ ಸುತ್ತಿನ ಮೊದಲ ಪಂದ್ಯ ಅದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿತ್ತು, ಸೊನ್ನೆ ಬಿದ್ದ ಅದೇ ನೆಲದಲ್ಲಿ. ಅಲ್ಲಿ ಹಾಲಿಬರ್ಟನ್ ಅವರ ಕೊನೆಯ ಕ್ಷಣದ ಎಸೆತ ಪಂದ್ಯವನ್ನು ಸಮ ಮಾಡಿತು, ಓವರ್‌ಟೈಮ್‌ನಲ್ಲಿ ತಂಡ 138-135ರಿಂದ ಗೆದ್ದಿತು.

ಜೂನ್ 23ರ ಮುಂಜಾನೆ ಫೈನಲ್‌ನ ಏಳನೆಯ ಪಂದ್ಯ. ಒಕ್ಲಹೋಮಾ ಸಿಟಿಯಲ್ಲಿ, ಮೊದಲ ಕ್ವಾರ್ಟರ್‌ನಲ್ಲೇ ಮೂರು ಅಂಕದ ಮೂರು ಎಸೆತ ಹಾಕಿದ್ದ ಹಾಲಿಬರ್ಟನ್ ಓಡುತ್ತಲೇ ಕುಸಿದು ನೆಲವನ್ನು ಕೈಯಿಂದ ಬಡಿದರು. ಅವರ ಅಕಿಲಿಸ್ ಸ್ನಾಯುರಜ್ಜುವೂ ಹರಿದಿತ್ತು. ಒಕ್ಲಹೋಮಾ ಸಿಟಿಯ ಥಂಡರ್ ತಂಡ 103-91ರಿಂದ ಗೆದ್ದು ಚಾಂಪಿಯನ್ ಆಯಿತು. ಜಗಲಿಯಲ್ಲಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಆ ಗಾಯದಿಂದಾಗಿ 2025-26ರ ಇಡೀ ಋತುವಿಗೆ ಹಾಲಿಬರ್ಟನ್ ಹೊರಗಾದರು. ಇದು ಆ ಋತುವಿಗಾಗಿ ನಾನು ಗೆರೆ ಎಳೆದ ಪುಟ. ಇಂಡಿಯಾನಾದ ಸಾಲಿನಲ್ಲಿ ಗೆಲುವು ಮತ್ತು ಸೋಲಿನ ಮನೆಗಳನ್ನು ಖಾಲಿ ಬಿಟ್ಟು, 'ಕಾರಣ' ಎಂಬಲ್ಲಿ ಮಾತ್ರ ಮೊದಲೇ ಒಂದು ಹೆಸರು ಬರೆದಿಟ್ಟಿದ್ದೆ. ಐದು ಗಂಟೆಯಾಯಿತು, ಚೆಂಡನ್ನು ಮೇಲಕ್ಕೆ ಎಸೆಯುತ್ತಿದ್ದಾರೆ.